ಆಗಿಬರುವ ಕಲ್ಲು, ಗುಣ ಮಾಡುವ ಕಲ್ಲು

ಶನಿವಾರ ಬೆಳಿಗ್ಗೆ ಪೇಟೆಬೀದಿಯ ಹರಳಿನ ಅಂಗಡಿ. ಗಾಜಿನ ಪೆಟ್ಟಿಗೆಯ ಆಚೆ ಅಂಗಡಿಯವರು, ಈಚೆ ಐವತ್ತು ದಾಟಿದ ಗಂಡ ಹೆಂಡತಿ. ಗಂಡ ಅಂಗಿ ಜೇಬಿನಿಂದ ನಾಲ್ಕು ಮಡಿಕೆಯ ಚೀಟಿ ತೆಗೆಯುತ್ತಾರೆ. ಜ್ಯೋತಿಷಿಗಳು ಬರೆದುಕೊಟ್ಟದ್ದು ಎರಡೇ ಸಾಲು: ನೀಲ, ಐದು ಕ್ಯಾರೆಟ್ಟಿಗೆ ಕಡಿಮೆ ಬೇಡ, ಬಲಗೈಯ ಮಧ್ಯದ ಬೆರಳು. ಅಂಗಡಿಯವರು ಬಿಳಿ ಕಾಗದದ ಪೊಟ್ಟಣ ಬಿಚ್ಚಿ, ಚಿಮಟದಲ್ಲಿ ಒಂದು ಕಲ್ಲನ್ನು ಎತ್ತಿ ಬೆಳಕಿಗೆ ಹಿಡಿಯುತ್ತಾರೆ. ಆಮೇಲೆ ದನಿ ತಗ್ಗಿಸಿ ಹೇಳುತ್ತಾರೆ: “ಈಗಲೇ ಕಟ್ಟಿಸಬೇಡಿ ಸಾರ್. ಮೂರು ರಾತ್ರಿ ದಿಂಬಿನ ಕೆಳಗಿಟ್ಟು ಮಲಗಿ. ಆಗಿಬಂದರೆ ಇಟ್ಟುಕೊಳ್ಳಿ, ಇಲ್ಲದಿದ್ದರೆ ವಾಪಸ್ ತನ್ನಿ.”

‘ಆಗಿಬರುವುದು’ ನಮ್ಮ ಭಾಷೆಯ ಸೊಗಸಾದ ಮಾತು. ಮನೆ ಆಗಿಬರುತ್ತದೆ, ಊರು ಆಗಿಬರುತ್ತದೆ, ಸೊಸೆಯ ಕಾಲ್ಗುಣವೂ ಆಗಿಬರುತ್ತದೆ. ಕಲ್ಲಿಗೂ ಅದೇ ಮಾತು. ದಿಂಬಿನ ಕೆಳಗಿನ ಮೂರು ರಾತ್ರಿಯೂ ಒಂದು ಪರೀಕ್ಷೆಯೇ. ಹರಳು ಕೊಳ್ಳುವವರು ಕಣ್ಣುಮುಚ್ಚಿ ನಂಬುವವರು ಎಂದುಕೊಳ್ಳುವುದು ತಪ್ಪು. ಅವರಿಗೂ ಪುರಾವೆ ಬೇಕು. ಆ ಪರೀಕ್ಷೆ ಸರಿಯಾದದ್ದೇ ಎಂಬುದಷ್ಟೇ ಇಲ್ಲಿರುವ ಪ್ರಶ್ನೆ.

ಕಲ್ಲು ಕೇಳಿಕೊಂಡು ಬರುವವರ ಕಷ್ಟಗಳಲ್ಲಿ ಮಗಳ ಮದುವೆ, ಸಾಲ, ಕೋರ್ಟು ವ್ಯಾಜ್ಯಗಳ ಜೊತೆಗೆ ಸಕ್ಕರೆ ಕಾಯಿಲೆ, ಮಂಡಿನೋವು, ಬಾರದ ನಿದ್ದೆಯೂ ಇರುತ್ತದೆ. ಮದುವೆಯ ಮಾತು ಜ್ಯೋತಿಷಿಗಳಿಗೂ ಮನೆಯವರಿಗೂ ಬಿಟ್ಟದ್ದು. ಅಜ್ಜಿಯ ಕೈಯಿಂದ ಬಂದ ಹವಳದ ಉಂಗುರವನ್ನು ಮೊಮ್ಮಗಳು ಹಾಕಿಕೊಳ್ಳುವುದರಲ್ಲಿ ಯಾರೂ ತಪ್ಪು ಹುಡುಕಬೇಕಾಗಿಲ್ಲ. ಆದರೆ ಕಲ್ಲು ಕಾಯಿಲೆ ವಾಸಿಮಾಡುತ್ತದೆ ಎಂದು ಹೇಳಿದ ಕ್ಷಣಕ್ಕೆ ಅದು ಔಷಧವಾಗಿಬಿಡುತ್ತದೆ. ಔಷಧಕ್ಕೆ ಕೇಳುವ ಪ್ರಶ್ನೆಗಳನ್ನೆಲ್ಲ ಅದಕ್ಕೂ ಕೇಳಬೇಕಾಗುತ್ತದೆ.

ಒಂಬತ್ತು ಗ್ರಹ, ಒಂಬತ್ತು ರತ್ನ

ನಮ್ಮಲ್ಲಿ ರತ್ನಗಳ ವಿದ್ಯೆ ಹಳೆಯದು. ಆರನೆಯ ಶತಮಾನದ ವರಾಹಮಿಹಿರನ ಬೃಹತ್ಸಂಹಿತೆಯಲ್ಲಿ ವಜ್ರ, ಮುತ್ತು, ಮಾಣಿಕ್ಯ, ಪಚ್ಚೆಗಳ ಮೇಲೆ ಅಧ್ಯಾಯಗಳಿವೆ. ದೋಷವಿಲ್ಲದ ರತ್ನ ರಾಜನಿಗೆ ಶುಭ, ದೋಷವುಳ್ಳದ್ದು ಅಶುಭ ಎಂಬುದು ಅಲ್ಲಿನ ನಂಬಿಕೆ. ಗರುಡಪುರಾಣದ ಪ್ರಕಾರ ರತ್ನಗಳು ಹುಟ್ಟಿದ್ದು ಬಲನೆಂಬ ಅಸುರನ ದೇಹದ ಭಾಗಗಳಿಂದ. ಈ ಗ್ರಂಥಗಳಲ್ಲಿ ಬಣ್ಣ, ಹೊಳಪು, ಬಿರುಕು, ಕಲೆಗಳ ವಿವರಣೆ ಎಷ್ಟು ಸೂಕ್ಷ್ಮವಾಗಿದೆಯೆಂದರೆ, ಬರೆದವರು ಕಲ್ಲುಗಳನ್ನು ಕೈಯಲ್ಲಿ ಹಿಡಿದು ನೋಡಿದವರು ಎಂಬುದರಲ್ಲಿ ಅನುಮಾನವಿಲ್ಲ. ಅಷ್ಟರಮಟ್ಟಿಗೆ ಅದು ನೋಡಿ ತಿಳಿದ ವಿದ್ಯೆಯೇ.

ಗ್ರಹಕ್ಕೊಂದು ಹರಳು ಎಂಬ ಪಟ್ಟಿ ಬಹುಪಾಲು ಮನೆಗಳಿಗೆ ಗೊತ್ತು. ರವಿಗೆ ಮಾಣಿಕ್ಯ, ಚಂದ್ರನಿಗೆ ಮುತ್ತು, ಕುಜನಿಗೆ ಹವಳ, ಬುಧನಿಗೆ ಪಚ್ಚೆ, ಗುರುವಿಗೆ ಪುಷ್ಯರಾಗ, ಶುಕ್ರನಿಗೆ ವಜ್ರ, ಶನಿಗೆ ನೀಲ, ರಾಹುವಿಗೆ ಗೋಮೇಧಿಕ, ಕೇತುವಿಗೆ ವೈಡೂರ್ಯ. ಇಂಥ ಉಂಗುರ ಮಾಡುವಾಗ ಆಚಾರಿಗಳು ಹರಳಿನ ತಳವನ್ನು ಮುಚ್ಚುವುದಿಲ್ಲ. ಉಂಗುರ ಬಿಚ್ಚಿ ತಿರುಗಿಸಿ ನೋಡಿದರೆ ಕಲ್ಲಿನ ಹೊಟ್ಟೆ ಕಾಣುತ್ತದೆ, ಬೆರಳಲ್ಲಿ ಅದೇ ಜಾಗದಲ್ಲಿ ಚರ್ಮ ಸ್ವಲ್ಪ ಬೆಳ್ಳಗಾಗಿರುತ್ತದೆ. ಕಲ್ಲು ಮೈಗೆ ತಾಗಬೇಕು, ಅದರ ಮೂಲಕ ಗ್ರಹದ ಬೆಳಕು ದೇಹಕ್ಕೆ ಇಳಿಯಬೇಕು ಎಂಬ ನಂಬಿಕೆಯಿಂದ ಹೀಗೆ ಮಾಡುತ್ತಾರೆ.

ಅಪ್ಪ ಮಗನ ಒಂದೇ ಕಲ್ಲು

ಇನ್ನು ಪ್ರಯೋಗಶಾಲೆಯ ಮಾತು. ಮಾಣಿಕ್ಯ ಮತ್ತು ನೀಲ ಎರಡೂ ಒಂದೇ ಖನಿಜ. ಅದಕ್ಕೆ ಕುರುಂದ ಎಂದು ಹೆಸರು. ಇಂಗ್ಲಿಷಿನ ಕೊರಂಡಮ್ ಎಂಬ ಪದ ನಮ್ಮ ದ್ರಾವಿಡ ಭಾಷೆಗಳ ಈ ಮಾತಿನಿಂದಲೇ ಹೋದದ್ದು. ಅಲ್ಯೂಮಿನಿಯಂ ಮತ್ತು ಆಮ್ಲಜನಕ ಸೇರಿ ಆದ ಈ ಕಲ್ಲು ಶುದ್ಧವಾಗಿದ್ದರೆ ಅದಕ್ಕೆ ಬಣ್ಣವೇ ಇರುವುದಿಲ್ಲ. ಚಿಟಿಕೆಯಷ್ಟು ಕ್ರೋಮಿಯಂ ಬೆರೆತರೆ ಕೆಂಪು, ಕಬ್ಬಿಣ ಮತ್ತು ಟೈಟಾನಿಯಂ ಬೆರೆತರೆ ನೀಲಿ. ಇಂದು ಪೇಟೆಯಲ್ಲಿ ಪುಷ್ಯರಾಗವೆಂದು ಕೊಡುವ ಹಳದಿ ಹರಳೂ ಸಾಮಾನ್ಯವಾಗಿ ಕುರುಂದವೇ.

ಪುರಾಣದಲ್ಲಿ ಶನಿ ಸೂರ್ಯನ ಮಗ, ಅಪ್ಪ ಮಗನಿಗೆ ಹೊಂದಾಣಿಕೆಯಿಲ್ಲ. ಹಾಗಾಗಿ ಮಾಣಿಕ್ಯ, ನೀಲ ಎರಡನ್ನೂ ಒಟ್ಟಿಗೆ ಧರಿಸಬಾರದು ಎನ್ನುತ್ತಾರೆ. ಕಲ್ಲಿನ ಲೋಕದಲ್ಲಿ ಇಬ್ಬರದೂ ಒಂದೇ ಒಡಲು. ಒಂದು ಜೀವ ಉಳಿಸುತ್ತದೆ, ಇನ್ನೊಂದು ಆಗಿಬರದಿದ್ದರೆ ಮನೆ ಮುಳುಗಿಸುತ್ತದೆ ಎಂದಾದರೆ ಆ ವ್ಯತ್ಯಾಸದ ಭಾರವನ್ನೆಲ್ಲ ಚಿಟಿಕೆ ಲೋಹವೇ ಹೊರಬೇಕು.

ಮುತ್ತು ಮತ್ತು ಹವಳ ನೆಲದಿಂದ ಅಗೆದವಲ್ಲ, ನೀರಿನ ಜೀವಿಗಳು ಕಟ್ಟಿದವು. ಎರಡೂ ಮುಖ್ಯವಾಗಿ ಕ್ಯಾಲ್ಸಿಯಂ ಕಾರ್ಬೊನೇಟ್. ಮೊಟ್ಟೆಯ ಚಿಪ್ಪೂ ಅದೇ. ಹುಣಸೆಹುಳಿ ತಾಗಿದರೆ ಮುತ್ತಿನ ಹೊಳಪು ಕುಂದುವುದು ಇದೇ ಕಾರಣಕ್ಕೆ.

1902ರಲ್ಲಿ ಫ್ರಾನ್ಸಿನ ಆಗಸ್ಟ್ ವರ್ನೂಯಿ ಬೆಂಕಿಯ ಜ್ವಾಲೆಯಲ್ಲಿ ಪುಡಿಯನ್ನು ಕರಗಿಸಿ ಮಾಣಿಕ್ಯ ಬೆಳೆಸುವ ವಿಧಾನ ಪ್ರಕಟಿಸಿದ. ಹಾಗೆ ಬೆಳೆದ ಕಲ್ಲು ರಚನೆಯಲ್ಲಿ ಗಣಿಯ ಮಾಣಿಕ್ಯವೇ. ಭೂತಗನ್ನಡಿಯಲ್ಲಿ ಒಳಗಿನ ಗೆರೆಗಳನ್ನು ನೋಡಿದ ಪರಿಣತರಷ್ಟೇ ಬೇರ್ಪಡಿಸಬಲ್ಲರು. ಹಳೆಯ ಕೈಗಡಿಯಾರಗಳೊಳಗಿನ ಕೆಂಪು ಹರಳುಗಳು ಇವೇ. ಜ್ಯೋತಿಷಿಗಳು ಇದನ್ನು ಒಪ್ಪುವುದಿಲ್ಲ, ‘ಅಸಲಿ’ಯೇ ಬೇಕು ಎನ್ನುತ್ತಾರೆ. ಧಾತು ಅದೇ, ಬಣ್ಣ ಅದೇ, ಬೆಳಕು ಬಾಗುವ ರೀತಿಯೂ ಅದೇ ಆಗಿರುವಾಗ ಗುಣ ಮಾತ್ರ ಬೇರೆ ಎಲ್ಲಿಂದ ಬರಬೇಕು? ಈ ಪ್ರಶ್ನೆಗೆ ನನಗೆ ಎಲ್ಲೂ ಉತ್ತರ ಸಿಕ್ಕಿಲ್ಲ.

ಬೆಣಚುಕಲ್ಲಿನ ಕಂಪನ

ಈಗಿನ ಹೊಸ ಅಂಗಡಿಗಳಲ್ಲಿ ಗ್ರಹದ ಮಾತು ಕಡಿಮೆ, ‘ಎನರ್ಜಿ’, ‘ವೈಬ್ರೇಶನ್’ ಎಂಬ ಮಾತು ಹೆಚ್ಚು. ಸ್ಫಟಿಕದ ಮಾಲೆ, ನೇರಳೆ ಬಣ್ಣದ ಅಮೆಥಿಸ್ಟ್, ತಿಳಿಗುಲಾಬಿ ಹರಳು. ಇವೆಲ್ಲ ಕ್ವಾರ್ಟ್ಜ್ ಜಾತಿಯವು, ಅಂದರೆ ನಮ್ಮ ಹೊಲದ ಬದುಗಳಲ್ಲಿ ಬಿದ್ದಿರುವ ಬೆಣಚುಕಲ್ಲಿನ ನೆಂಟರು. ಕೈಗಡಿಯಾರ ನಡೆಸುವ ಕಲ್ಲು ದೇಹವನ್ನೂ ನಡೆಸುತ್ತದೆ ಎಂಬುದು ಮಾರುವವರ ವಾದ.

ಅರ್ಧ ನಿಜ. 1880ರಲ್ಲಿ ಪಿಯರ್ ಮತ್ತು ಜಾಕ್ ಕ್ಯೂರಿ ಸೋದರರು ಇಂಥ ಹರಳುಗಳನ್ನು ಒತ್ತಿದಾಗ ವಿದ್ಯುತ್ ಹುಟ್ಟುವುದನ್ನು ಕಂಡುಹಿಡಿದರು. ಅಡುಗೆಮನೆಯ ಗ್ಯಾಸ್ ಲೈಟರಿನ ಗುಂಡಿ ಒತ್ತಿದಾಗ ಕಿಡಿ ಹಾರುವುದು ಇದೇ ಗುಣದಿಂದ, ಅಲ್ಲಿ ಬಳಸುವ ವಸ್ತು ಬೇರೆಯಾದರೂ. ತಿರುಗಿಸಿ ಹೇಳುವುದಾದರೆ, ವಿದ್ಯುತ್ ಕೊಟ್ಟರೆ ಹರಳು ಕಂಪಿಸುತ್ತದೆ. ಗಡಿಯಾರದೊಳಗಿನ ಪುಟ್ಟ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತದೆ. ಆದರೆ ಶಕ್ತಿ ಬರುವುದು ಸೆಲ್ಲಿನಿಂದ. ಸೆಲ್ ಮುಗಿದ ದಿನ ಗಡಿಯಾರ ನಿಲ್ಲುತ್ತದೆ, ಹರಳು ಮಾತ್ರ ಇದ್ದಂತೆಯೇ ಇರುತ್ತದೆ. ಕೊರಳಲ್ಲಿ ತೂಗುವ ಸ್ಫಟಿಕಕ್ಕೆ ಸೆಲ್ ಇಲ್ಲ. ಕೊಡದೆ ಇದ್ದದ್ದನ್ನು ಅದು ಎಲ್ಲಿಂದ ತಂದುಕೊಟ್ಟೀತು?

ಮರದ ಕಡ್ಡಿ ಕಲಿಸಿದ ಪಾಠ

ಕಲ್ಲು ಗುಣ ಮಾಡುವುದು ‘ಹೇಗೆ’ ಎಂದು ತಿಳಿಯದಿದ್ದರೂ ‘ಗುಣ ಮಾಡುತ್ತದೆಯೇ’ ಎಂದು ಪರೀಕ್ಷಿಸಬಹುದು. ವೈದ್ಯಶಾಸ್ತ್ರದ ಎಷ್ಟೋ ಔಷಧಗಳು ಹೀಗೆಯೇ ಬಳಕೆಗೆ ಬಂದವು. ಪರೀಕ್ಷೆಯ ದಾರಿ ತೋರಿಸಿದ್ದು ಇನ್ನೂರು ವರ್ಷಗಳ ಹಿಂದಿನ ಒಂದು ಪುಟ್ಟ ಪ್ರಯೋಗ.

ಅಮೆರಿಕದ ಎಲೀಶಾ ಪರ್ಕಿನ್ಸ್ ಎಂಬ ವೈದ್ಯ ಬೆರಳುದ್ದದ ಎರಡು ಲೋಹದ ಕಡ್ಡಿಗಳನ್ನು ಮಾಡಿ, ನೋವಿರುವ ಕಡೆ ಎಳೆದರೆ ನೋವು ಮಾಯವಾಗುತ್ತದೆ ಎಂದ. 1796ರಲ್ಲಿ ಪೇಟೆಂಟ್ ಪಡೆದ. ಸಾಗರ ದಾಟಿ ಇಂಗ್ಲೆಂಡಿನಲ್ಲೂ ಕಡ್ಡಿಗಳು ದುಬಾರಿ ಬೆಲೆಗೆ ಮಾರಾಟವಾದವು. ಗುಣವಾಯಿತು ಎಂದು ಹೇಳಿದವರಿಗೆ ಲೆಕ್ಕವಿಲ್ಲ. ಬಾತ್ ಪಟ್ಟಣದ ವೈದ್ಯ ಜಾನ್ ಹೇಗಾರ್ತ್ ವಾದಕ್ಕೆ ಇಳಿಯಲಿಲ್ಲ. 1799ರಲ್ಲಿ ಮರದ ಕಡ್ಡಿಗಳನ್ನು ಮಾಡಿಸಿ, ಲೋಹದಂತೆ ಕಾಣುವ ಬಣ್ಣ ಬಳಿಸಿದರು. ವಾತರೋಗದ ಐವರ ಮೇಲೆ ಎಳೆದರು. ನಾಲ್ವರು ನೋವು ಕಡಿಮೆಯಾಯಿತು ಎಂದರು. ಮಾರನೆಯ ದಿನ ಅಸಲಿ ಲೋಹದ ಕಡ್ಡಿ ಎಳೆದರು. ಫಲ ಅಷ್ಟೇ.

ಇಡೀ ವೈದ್ಯಕೀಯ ಪರೀಕ್ಷೆಯ ತಿರುಳು ಇದು: ಅಸಲಿ ಯಾವುದು, ಹುಸಿ ಯಾವುದು ಎಂದು ರೋಗಿಗೆ ತಿಳಿಯಬಾರದು. ಸಾಧ್ಯವಾದರೆ ಕೊಡುವವರಿಗೂ ತಿಳಿಯಬಾರದು. ಆಮೇಲೆ ಎರಡೂ ಗುಂಪನ್ನು ಪಕ್ಕದಲ್ಲಿಟ್ಟು ನೋಡಬೇಕು.

ಹರಳುಗಳಿಗೂ ಈ ಪರೀಕ್ಷೆ ಆಗಿದೆ. ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಕಾಲೇಜಿನ ಮನಶ್ಶಾಸ್ತ್ರಜ್ಞ ಕ್ರಿಸ್ಟೋಫರ್ ಫ್ರೆಂಚ್ ಮತ್ತು ಸಂಗಡಿಗರು 80 ಜನರ ಕೈಗೆ ಒಂದೊಂದು ಹರಳು ಕೊಟ್ಟು ಧ್ಯಾನಕ್ಕೆ ಕೂರಿಸಿದರು. ಅರ್ಧ ಜನಕ್ಕೆ ಅಸಲಿ ಕ್ವಾರ್ಟ್ಜ್, ಇನ್ನರ್ಧಕ್ಕೆ ನೋಡಲು ಹಾಗೆಯೇ ಇರುವ ನಕಲಿ. ಕೈ ಜುಮ್ಮೆನ್ನುವುದು, ಬಿಸಿಯೇರುವುದು, ಮನಸ್ಸು ಹಗುರಾಗುವುದು ಎರಡೂ ಗುಂಪಿನವರಿಗೆ ಒಂದೇ ಬಗೆಯಲ್ಲಿ ಆಯಿತು. ವ್ಯತ್ಯಾಸ ಕಂಡದ್ದು ಬೇರೆ ಕಡೆ. ಇಂಥಿಂಥ ಅನುಭವ ಆಗಬಹುದು ಎಂದು ಮೊದಲೇ ಓದಿಸಿದವರಿಗೆ ಅನುಭವ ಹೆಚ್ಚಾಗಿತ್ತು. ಕೆಲಸ ಮಾಡಿದ್ದು ನಿರೀಕ್ಷೆ. 2001ರಲ್ಲಿ ಈ ಫಲಿತಾಂಶವನ್ನು ಅವರು ಮಂಡಿಸಿದರು.

ತಾಮ್ರದ ಬಳೆಯ ವಿಚಾರ ನಮಗೆ ಇನ್ನೂ ಹತ್ತಿರದ್ದು. ಬ್ರಿಟನ್ನಿನ ಯಾರ್ಕ್ ವಿಶ್ವವಿದ್ಯಾಲಯದ ಸ್ಟೂವರ್ಟ್ ರಿಚ್ಮಂಡ್ ಅವರ ತಂಡ ಕೀಲುವಾತವಿದ್ದ 70 ಜನರನ್ನು ಸೇರಿಸಿಕೊಂಡಿತು. ಒಬ್ಬೊಬ್ಬರೂ ನಾಲ್ಕು ಬಗೆಯವನ್ನು ಸರದಿಯ ಮೇಲೆ ಐದೈದು ವಾರ ಧರಿಸಬೇಕು: ಆಯಸ್ಕಾಂತದ ಪಟ್ಟಿ, ದುರ್ಬಲ ಆಯಸ್ಕಾಂತದ ಪಟ್ಟಿ, ಆಯಸ್ಕಾಂತವೇ ಇಲ್ಲದ ಪಟ್ಟಿ, ತಾಮ್ರದ ಬಳೆ. 2013ರಲ್ಲಿ ಪ್ರಕಟವಾದ ಫಲಿತಾಂಶದಲ್ಲಿ ನೋವಿಗಾಗಲಿ, ಊತಕ್ಕಾಗಲಿ, ಕಾಯಿಲೆಯ ಹಾದಿಗಾಗಲಿ ಯಾವುದೂ ಹುಸಿ ಪಟ್ಟಿಗಿಂತ ಹೆಚ್ಚಿನ ಉಪಕಾರ ಮಾಡಿರಲಿಲ್ಲ.

ಹಾಗಾದರೆ ನೋವು ಇಳಿದದ್ದು ಸುಳ್ಳೇ?

ಸುಳ್ಳಲ್ಲ. ಇದನ್ನು ಒತ್ತಿ ಹೇಳಬೇಕು. ಉಂಗುರ ಹಾಕಿದ ಮೇಲೆ ಮಂಡಿನೋವು ಕಡಿಮೆಯಾಯಿತು ಎನ್ನುವವರು ನಾಟಕವಾಡುತ್ತಿಲ್ಲ. ಅವರ ನೋವು ನಿಜವಾಗಿಯೂ ಇಳಿದಿದೆ. ಕಾರಣ ಉಂಗುರವೇ ಆಗಬೇಕಿಲ್ಲ.

ನೋವು ಏರಿಳಿಯುವ ಕಾಯಿಲೆಯಲ್ಲಿ ನಾವು ಮದ್ದು ಹುಡುಕಿಕೊಂಡು ಹೊರಡುವುದು ನೋವು ತುತ್ತತುದಿ ಮುಟ್ಟಿದಾಗ. ಅಲ್ಲಿಂದ ಅದು ಇಳಿಯಲೇಬೇಕು. ಆ ವಾರ ಯಾರು ಏನು ಕಟ್ಟಿದ್ದರೋ ಕೀರ್ತಿ ಅದಕ್ಕೆ. ಇದರ ಜೊತೆಗೆ ಭರವಸೆ ತಾನೇ ಒಂದಿಷ್ಟು ನೋವನ್ನು ಇಳಿಸುತ್ತದೆ. ಮಾತ್ರೆಯ ರೂಪದ ಬರೀ ಸಕ್ಕರೆ ನುಂಗಿದವರ ಮಿದುಳೂ ನೋವು ತಗ್ಗಿಸುವ ರಾಸಾಯನಿಕಗಳನ್ನು ಸುರಿಸಬಲ್ಲದು. ಆದರೆ ಭರವಸೆಯ ಕೈಗೆ ಎಟಕುವುದು ನೋವು, ಆತಂಕ, ನಿದ್ದೆ, ವಾಕರಿಕೆಯಂಥವು ಮಾತ್ರ. ರಕ್ತದ ಸಕ್ಕರೆ, ಕ್ಯಾನ್ಸರಿನ ಗಡ್ಡೆ, ಕ್ಷಯದ ರೋಗಾಣು ಅದರ ಮಾತು ಕೇಳುವುದಿಲ್ಲ.

ಈಗ ದಿಂಬಿನ ಕೆಳಗಿನ ನೀಲಕ್ಕೆ ಮರಳೋಣ. ಕಲ್ಲು ಅಲ್ಲಿದೆ ಎಂದು ಮಲಗುವವರಿಗೆ ಗೊತ್ತು. ಶನಿಯ ಕಲ್ಲು, ಆಗಿಬರದಿದ್ದರೆ ಕೆಡುಕು ಎಂಬ ಭಯವೂ ಇದೆ. ಅಂಥ ರಾತ್ರಿ ಕೆಟ್ಟ ಕನಸು ಬೀಳದಿದ್ದರೇ ಆಶ್ಚರ್ಯ. ಇದನ್ನೇ ನ್ಯಾಯವಾದ ಪರೀಕ್ಷೆಯಾಗಿ ಮಾಡುವುದು ಕಷ್ಟವೇನಲ್ಲ. ಒಂದೇ ಥರದ ಆರು ಪೊಟ್ಟಣ, ಮೂರರಲ್ಲಿ ನೀಲ, ಮೂರರಲ್ಲಿ ನೀಲಿ ಗಾಜು. ಯಾವುದರಲ್ಲಿ ಏನಿದೆ ಎಂದು ಮಲಗುವವರಿಗೂ ಇಡುವವರಿಗೂ ಗೊತ್ತಿಲ್ಲ. ಪ್ರತಿ ಬೆಳಿಗ್ಗೆ ಹೇಗಾಯಿತೆಂದು ಬರೆದಿಟ್ಟು ಕೊನೆಗೆ ಪೊಟ್ಟಣ ಬಿಚ್ಚುವುದು. ಆರೇ ರಾತ್ರಿಯಲ್ಲಿ ಕೊನೆಯ ತೀರ್ಮಾನ ಬರದು, ಇಂಥ ನೂರಾರು ರಾತ್ರಿಗಳು ಬೇಕು. ಹೀಗೆ ಮಾಡಿ ನೋಡೋಣ ಎಂದು ಹರಳು ಮಾರುವವರು ಯಾರೂ ಮುಂದೆ ಬರುತ್ತಿಲ್ಲವಲ್ಲ ಎಂಬುದೇ ನನ್ನ ಕೊರಗು.

ನಿಜವಾಗಿ ಗುಣ ಮಾಡಿದ ಕಲ್ಲು

ಮನಸ್ಸಿನ ಕಾಯಿಲೆಗೆ ಕಲ್ಲಿನಿಂದ ಮದ್ದು ಸಿಕ್ಕ ಕಥೆ ಒಂದಿದೆ. ನಂಬಿಕೆ ಮತ್ತು ಪುರಾವೆಯ ನಡುವಿನ ದೂರ ಎಷ್ಟೆಂದು ಇದು ತೋರಿಸುತ್ತದೆ.

1817ರಲ್ಲಿ ಸ್ವೀಡನ್ನಿನಲ್ಲಿ ಒಂದು ಖನಿಜದೊಳಗೆ ಹೊಸ ಧಾತು ಸಿಕ್ಕಿತು. ಕಲ್ಲು ಎಂಬ ಅರ್ಥದ ಗ್ರೀಕ್ ಮಾತಿನಿಂದ ಅದಕ್ಕೆ ಲಿಥಿಯಂ ಎಂದು ಹೆಸರಿಟ್ಟರು. ಆಸ್ಟ್ರೇಲಿಯದ ಮನೋವೈದ್ಯ ಜಾನ್ ಕೇಡ್ ಗಿನಿಯಿಲಿಗಳಿಗೆ ಲಿಥಿಯಂ ಲವಣ ಚುಚ್ಚಿದಾಗ ಅವು ಶಾಂತವಾದುದನ್ನು ಕಂಡರು. ಮೊದಲು ತಾವೇ ಸೇವಿಸಿ ನೋಡಿದರು. ಬಳಿಕ ಉನ್ಮಾದದಿಂದ ಬಳಲುತ್ತಿದ್ದ ಹತ್ತು ರೋಗಿಗಳಿಗೆ ಕೊಟ್ಟು 1949ರಲ್ಲಿ ವರದಿ ಪ್ರಕಟಿಸಿದರು. ವರ್ಷಗಟ್ಟಲೆ ಆಸ್ಪತ್ರೆಯಲ್ಲಿದ್ದ ಮೊದಲ ರೋಗಿ ಮನೆಗೆ ಮರಳಿ ಕೆಲಸಕ್ಕೂ ಹೋದ.

ಕಥೆ ಅಲ್ಲಿಗೇ ನಿಂತಿದ್ದರೆ ಅದೂ ‘ಆಗಿಬಂದ’ ಕಥೆಯೇ. ಆದರೆ ಅದೇ ರೋಗಿ ಮುಂದೆ ಲಿಥಿಯಂ ನಂಜೇರಿ ತೀರಿಕೊಂಡ. ಪ್ರಮಾಣ ಸ್ವಲ್ಪ ಹೆಚ್ಚಾದರೂ ಅದು ವಿಷ ಎಂಬುದು ಬೆಳಕಿಗೆ ಬಂತು. ಡೆನ್ಮಾರ್ಕಿನ ಮೊಗೆನ್ಸ್ ಶೌ ಹುಸಿ ಮಾತ್ರೆಗಳೊಡನೆ ಹೋಲಿಸಿ ಪರೀಕ್ಷೆ ನಡೆಸಿ 1954ರಲ್ಲಿ ಫಲಿತಾಂಶ ಕೊಟ್ಟರು. ರಕ್ತದಲ್ಲಿ ಎಷ್ಟಿರಬೇಕೆಂದು ಅಳೆಯುವ ಕ್ರಮ ಬಂತು. ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿದ್ದು 1970ರಲ್ಲಿ. ಇಂದಿಗೂ ಇದನ್ನು ಬರೆದುಕೊಡುವ ಮನೋವೈದ್ಯರು ರಕ್ತಪರೀಕ್ಷೆಯ ಚೀಟಿಯನ್ನೂ ಜೊತೆಗೆ ಬರೆಯುತ್ತಾರೆ.

ನಮ್ಮ ಮಂಡ್ಯ ಜಿಲ್ಲೆಯ ಮರ್ಲಗಲ್ಲ ಮತ್ತು ಅಲ್ಲಾಪಟ್ಟಣದ ಬಂಡೆಗಳಲ್ಲಿ 1,600 ಟನ್ ಲಿಥಿಯಂ ಇರುವ ಅಂದಾಜನ್ನು ಪರಮಾಣು ಖನಿಜ ನಿರ್ದೇಶನಾಲಯ ಮಾಡಿದೆ. ಅದು ಸ್ಪೋಡುಮೀನ್ ಎಂಬಂಥ ಖನಿಜಗಳೊಳಗೆ ಬಿಗಿಯಾಗಿ ಕೂತಿರುತ್ತದೆ. ಸ್ಪೋಡುಮೀನ್‌ನ ಗುಲಾಬಿ ಬಣ್ಣದ ಹರಳಿಗೆ ಕುಂಜೈಟ್ ಎಂದು ಹೆಸರು. ಮನಸ್ಸಿಗೆ ಶಾಂತಿ ಕೊಡುತ್ತದೆಂದು ಅದನ್ನು ಮಾರುವುದೂ ಇದೆ. ಒಳಗೆ ಲಿಥಿಯಂ ಇರುವುದು ನಿಜ. ಆದರೆ ಕೊರಳಿಗೆ ಕಟ್ಟಿದರೆ ಒಂದು ಕಣವೂ ರಕ್ತಕ್ಕೆ ಇಳಿಯದು. ಕಲ್ಲನ್ನು ಒಡೆದು, ಕಾಯಿಸಿ, ಆಮ್ಲದಲ್ಲಿ ಬೇಯಿಸಿ, ಲವಣ ಮಾಡಿ, ತೂಗಿ, ಮಾತ್ರೆ ಕಟ್ಟಿದ ಮೇಲೆ ಅದು ಮದ್ದು.

ಮೈಯೊಳಗೆ ಹೋದರೆ

ಬೆರಳಲ್ಲಿರುವ ಕಲ್ಲಿನಿಂದ ಅಪಾಯ ಕಡಿಮೆ. ನುಂಗುವ ಖನಿಜದ ಮಾತು ಬೇರೆ. ಅಮೆರಿಕದ ಸಂಶೋಧಕರು ಅಂತರಜಾಲದಲ್ಲಿ ಮಾರುತ್ತಿದ್ದ 193 ಆಯುರ್ವೇದ ಉತ್ಪನ್ನಗಳನ್ನು ಪರೀಕ್ಷಿಸಿ 2008ರಲ್ಲಿ ವರದಿ ಮಾಡಿದರು. ಸುಮಾರು ಐದರಲ್ಲಿ ಒಂದರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇತ್ತು. ಲೋಹ, ಖನಿಜಗಳನ್ನೇ ಬಳಸುವ ರಸೌಷಧಗಳಲ್ಲಿ ಈ ಪ್ರಮಾಣ ಇನ್ನೂ ಹೆಚ್ಚು. ಗುರುತು ಪರಿಚಯವಿಲ್ಲದವರು ಪೊಟ್ಟಣ ಕಟ್ಟಿ ಕೊಡುವ ಭಸ್ಮವನ್ನು ನುಂಗಬಾರದು. ಗರ್ಭಿಣಿಯರಿಗೆ, ಮಕ್ಕಳಿಗೆ ಕೊಡಲೇಬಾರದು.

ಕೊರಳ ಪದಕವೂ ಸದಾ ನಿರಪಾಯಕಾರಿಯಲ್ಲ. 5ಜಿ ಅಲೆಗಳಿಂದ ಕಾಪಾಡುತ್ತವೆ ಎಂದು ಮಾರುತ್ತಿದ್ದ ಪದಕ, ಬಳೆ ಮುಂತಾದ ಹತ್ತು ವಸ್ತುಗಳಲ್ಲಿ ವಿಕಿರಣ ಸೂಸುವ ಪದಾರ್ಥವಿದೆ, ಧರಿಸಬೇಡಿ ಎಂದು ನೆದರ್ಲೆಂಡ್ಸಿನ ಪರಮಾಣು ಸುರಕ್ಷತಾ ಪ್ರಾಧಿಕಾರ 2021ರ ಡಿಸೆಂಬರಿನಲ್ಲಿ ಎಚ್ಚರಿಸಿತು.

ಎಲ್ಲಕ್ಕಿಂತ ನನ್ನನ್ನು ಕಾಡುವುದು ಕಲ್ಲು ಉಜ್ಜುವವರ ಎದೆ. ಗುಜರಾತಿನ ಖಂಭಾತಿನಲ್ಲಿ ಅಕೀಕ್ ಕಲ್ಲನ್ನು ಮಣಿಯಾಗಿಸುವ ಕೆಲಸ ತಲೆಮಾರುಗಳಿಂದ ನಡೆದಿದೆ. ಅಕೀಕ್ ಕೂಡ ಬೆಣಚುಕಲ್ಲಿನ ಬಳಗವೇ. ಮನೆಯಂಗಳದ ಚಕ್ರಕ್ಕೆ ಕಲ್ಲು ಹಿಡಿದಾಗ ಏಳುವ ಬಿಳಿ ಧೂಳು ಕೆಲಸಗಾರರ ಶ್ವಾಸಕೋಶ ಸೇರಿ ಅಲ್ಲೇ ಕಲೆ ಕಟ್ಟುತ್ತದೆ. ಈ ಕಾಯಿಲೆಗೆ ಸಿಲಿಕೋಸಿಸ್ ಎನ್ನುತ್ತಾರೆ, ವಾಸಿಮಾಡುವ ಮದ್ದಿಲ್ಲ, ಹಿಂದೆಯೇ ಕ್ಷಯವೂ ಬರುವುದುಂಟು. ಭಾರತದಲ್ಲಿ ಈ ಕಾಯಿಲೆ ಮೊದಲು ವರದಿಯಾದದ್ದು 1947ರಲ್ಲಿ, ನಮ್ಮ ಕೋಲಾರದ ಚಿನ್ನದ ಗಣಿಯಿಂದ. ಅಲ್ಲಿ ಚಿನ್ನ ಇದ್ದದ್ದು ಬೆಣಚುಕಲ್ಲಿನ ಎಳೆಗಳಲ್ಲಿ. ಉಸಿರಾಟಕ್ಕೆ ಒಳ್ಳೆಯದೆಂದು ಯಾರಾದರೂ ಅಕೀಕ್ ಮಾಲೆ ಮಾರಲು ಬಂದರೆ ಖಂಭಾತಿನ ಉಸಿರು ನೆನಪಾಗಬೇಕು.

ಕಾಯಿದೆ ಇದೆ

1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯಿದೆ ತಾಯಿತ, ಮಂತ್ರ, ಕವಚ ಮುಂತಾದವುಗಳಿಂದ ರೋಗ ವಾಸಿಯಾಗುತ್ತದೆ ಎಂದು ಜಾಹೀರಾತು ಮಾಡುವುದನ್ನು ನಿಷೇಧಿಸುತ್ತದೆ. ಅದರ ಪಟ್ಟಿಯಲ್ಲಿ ಸಕ್ಕರೆ ಕಾಯಿಲೆ, ರಕ್ತದೊತ್ತಡ, ಕ್ಯಾನ್ಸರ್, ಹೃದ್ರೋಗ ಸೇರಿ 54 ಕಾಯಿಲೆಗಳಿವೆ. ಮೊದಲ ಅಪರಾಧಕ್ಕೆ ಆರು ತಿಂಗಳವರೆಗೆ ಜೈಲು, ದಂಡ ಅಥವಾ ಎರಡೂ. ಬೆಳಗಿನ ಟೀವಿ ನೋಡುವವರಿಗೆ ಇಂಥ ಕಾಯಿದೆಯೊಂದಿದೆ ಎಂಬ ಅನುಮಾನವೂ ಬರದಿರುವುದು ದುಃಖದ ಸಂಗತಿ.

ಇದೇ ನೆಲದಲ್ಲಿ 1976ರಲ್ಲಿ ಬೆಂಗಳೂರು ವಿಶ್ವವಿದ್ಯಾಲಯದ ಕುಲಪತಿಗಳಾಗಿದ್ದ ಎಚ್. ನರಸಿಂಹಯ್ಯನವರು ಪವಾಡಗಳ ಪರೀಕ್ಷೆಗೆ ಒಂದು ಸಮಿತಿ ಮಾಡಿದ್ದರು. ಖಾದಿ ಉಟ್ಟು ಹಾಸ್ಟೆಲಿನ ಕೋಣೆಯಲ್ಲೇ ಬದುಕಿದ ಆ ಮೇಷ್ಟರು ಕೇಳಿದ್ದು ಒಂದೇ: ಪರೀಕ್ಷೆಗೆ ಬನ್ನಿ. ವೈಜ್ಞಾನಿಕ ಮನೋಭಾವವನ್ನು ನಾಗರಿಕರ ಕರ್ತವ್ಯವಾಗಿ ಸಂವಿಧಾನಕ್ಕೆ ಸೇರಿಸಿದ ತಿದ್ದುಪಡಿಯೂ ಅದೇ ವರ್ಷದ್ದು.

ಮನೆಯ ಹಿರಿಯರ ಬೆರಳಲ್ಲಿ ಹೊಸ ಹರಳಿನ ಉಂಗುರ ಕಂಡರೆ ದಯವಿಟ್ಟು ನಗಬೇಡಿ, ಜಗಳಕ್ಕೂ ಹೋಗಬೇಡಿ. ಅದರ ಹಿಂದೆ ನಮಗೆ ಹೇಳಿಕೊಳ್ಳದ ಒಂದು ಭಯ ಇರುತ್ತದೆ. ಪಕ್ಕದಲ್ಲಿ ಕೂತು ಏನಾಗುತ್ತಿದೆ ಎಂದು ಕೇಳಿ. ಉಂಗುರ ಇರಲಿ. ಎದ್ದು ಹೋಗುವ ಮೊದಲು ಅವರ ಮಾತ್ರೆ ಡಬ್ಬಿಯನ್ನೊಮ್ಮೆ ತೆರೆದು, ಈ ವಾರದ ಮಾತ್ರೆಗಳು ಖರ್ಚಾಗಿವೆಯೇ ಎಂದು ನೋಡಿ.